ಓಟಿ ದುಡ್ಡು ಲೆಕ್ಕ ಹಾಕುವುದು ಹೇಗೆ? ಹಾಸನದ ಒಂಬತ್ತನೇ ಗಂಟೆ ಬೇರೆ, ಕೊಯಮತ್ತೂರಿನದು ಬೇರೆ

ಹಾಸನದ ಕೈಗಾರಿಕಾ ಪ್ರದೇಶಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಸಂಬಳ ಬಿದ್ದ ವಾರ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಚೀಟಿ ಹಿಡಿದುಕೊಂಡು ಬರುತ್ತಾರೆ. 'ಅಣ್ಣಾ, ಓಟಿ ಸರಿಯಾಗಿ ಹಾಕಿದ್ದಾರಾ ನೋಡಿ' ಅನ್ನುತ್ತಾರೆ. ವರ್ಷಗಟ್ಟಲೆ ಲೆಕ್ಕ ಬರೆದ ಕೈ ನನ್ನದು. ತಪ್ಪು ಆಗುವುದು ಹೆಚ್ಚಾಗಿ ಒಂದೇ ಕಡೆ. ಓಟಿಗೆ, ಅಂದರೆ ಮಾಮೂಲಿ ಗಂಟೆ ದಾಟಿ ಮಾಡಿದ ಕೆಲಸಕ್ಕೆ (ಓವರ್‌ಟೈಮ್), ಎರಡು ಪಟ್ಟು ಕೊಡಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಯಾವ ಗಂಟೆಯಿಂದ, ಯಾವ ದುಡ್ಡಿನ ಎರಡು ಪಟ್ಟು ಅನ್ನುವುದೇ ಗೊತ್ತಿರುವುದಿಲ್ಲ.

ಮೊದಲ ಹೆಜ್ಜೆ: ಯಾವ ಊರಿನ ಕೆಲಸ?

ನೀವು ಯಾವ ಊರಿನವರು, ಕಂಪನಿಯ ಹೆಡ್ ಆಫೀಸ್ ಎಲ್ಲಿದೆ ಅನ್ನುವುದು ಮುಖ್ಯ ಅಲ್ಲ. ಕೆಲಸ ಎಲ್ಲಿ ಮಾಡುತ್ತೀರೋ ಅಲ್ಲಿಯ ಕಾನೂನು ನಿಮಗೆ. ಅಂಗಡಿಯನ್ನೇ ನೋಡಿ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಾಮೂಲಿ ಕೆಲಸ. ತಮಿಳುನಾಡು, ಕೇರಳದ ಅಂಗಡಿ ಕಾಯ್ದೆಗಳಲ್ಲಿ ವಾರಕ್ಕೆ ಅದೇ 48, ಆದರೆ ದಿನಕ್ಕೆ 8 ಗಂಟೆ. ನಮ್ಮ ಪಕ್ಕದ ಮನೆಯ ಅಕ್ಕತಂಗಿಯರಲ್ಲಿ ಒಬ್ಬಳು ಹಾಸನದ ಬಟ್ಟೆ ಅಂಗಡಿಯಲ್ಲಿದ್ದಾಳೆ, ಇನ್ನೊಬ್ಬಳು ಕೊಯಮತ್ತೂರಿನಲ್ಲಿ. ಇಬ್ಬರೂ ವಾರಕ್ಕೆ 5 ದಿನ 9 ಗಂಟೆ ನಿಂತರೆ ಇಲ್ಲಿಯವಳಿಗೆ ಓಟಿ ಸೊನ್ನೆ. ಅಲ್ಲಿಯವಳಿಗೆ 5 ಗಂಟೆ. ಇಬ್ಬರ ಲೆಕ್ಕವನ್ನೂ ಒಂದೇ ಅಳತೆಯಲ್ಲಿ ಹಾಕಿ ಜಗಳ ಮಾಡಿಕೊಂಡಿದ್ದರು, ಪಾಪ.

ಕಾರ್ಖಾನೆಗಳಲ್ಲೂ ಹೀಗೇ. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲ ವಾರಕ್ಕೆ 48 ಗಂಟೆಯ ಮಿತಿ ಉಳಿಸಿಕೊಂಡು, ದಿನದ ಕೆಲಸವನ್ನು 12 ಗಂಟೆವರೆಗೆ ಎಳೆಯಲು ದಾರಿ ಮಾಡಿತು. ತಮಿಳುನಾಡು ಏಪ್ರಿಲ್‌ನಲ್ಲಿ ಅಂಥದ್ದೇ ಮಸೂದೆ ತಂದು, ವಿರೋಧ ಜೋರಾದ ಮೇಲೆ ವಾಪಸ್ ತೆಗೆದುಕೊಂಡಿತು. 2025ರ ನವೆಂಬರ್ 21ರಿಂದ, ಹಳೆಯ ಕಾರ್ಮಿಕ ಕಾಯ್ದೆಗಳ ಬದಲು ಕೇಂದ್ರ ತಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಎರಡು ಪಟ್ಟು ಅನ್ನುವುದು ಅದರಲ್ಲೂ ಗಟ್ಟಿಯಾಗಿದೆ. ಎಷ್ಟು ಗಂಟೆ ದಾಟಿದರೆ ಓಟಿ ಎಂದು ನಿಯಮ ಬರೆಯುವುದು ಮಾತ್ರ ಆಯಾ ಸರ್ಕಾರ. ನಮ್ಮ ಬಹುತೇಕ ಕಾರ್ಖಾನೆ, ತೋಟಗಳಿಗೆ ಅದು ರಾಜ್ಯ ಸರ್ಕಾರ.

ಫೋನಿನಲ್ಲಿ ಸಿಗುವ ಓಟಿ ಲೆಕ್ಕದ ಆ್ಯಪ್‌ಗಳನ್ನು ದಯವಿಟ್ಟು ನಂಬಬೇಡಿ. ನಾನು ನೋಡಿದವು ವಾರಕ್ಕೆ 40 ಗಂಟೆ, ಒಂದೂವರೆ ಪಟ್ಟು ಎಂದು ಲೆಕ್ಕ ಹಾಕುತ್ತವೆ. ಅದು ಅಮೆರಿಕದ ಕಾನೂನು.

ಎರಡನೇ ಹೆಜ್ಜೆ: ಬರೆದಿಡಿ

ಹೊಲಿಗೆ ಹಾಕಿದ ನೋಟ್‌ಬುಕ್ ತೆಗೆದುಕೊಳ್ಳಿ, ಬಿಡಿ ಹಾಳೆ ಬೇಡ. ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಊಟದ ಬಿಡುವು ಅವತ್ತೇ ಬರೆಯಿರಿ. ಸಂಬಳದ ಚೀಟಿ ನುಣುಪು ಕಾಗದದ್ದಾದರೆ ಅದೇ ದಿನ ಜೆರಾಕ್ಸ್ ಮಾಡಿಸಿ. ಆ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಒಬ್ಬ ಹುಡುಗಿ ತಂದ ಎಂಟು ಚೀಟಿಯಲ್ಲಿ ಐದು ಪೂರ್ತಿ ಬಿಳಿಯಾಗಿದ್ದವು.

ಮೂರನೇ ಹೆಜ್ಜೆ: ದಿನದ ಲೆಕ್ಕವೋ, ವಾರದ್ದೋ

ಎರಡನ್ನೂ ಹಾಕಿ, ಯಾವುದು ಜಾಸ್ತಿಯೋ ಅದನ್ನು ಇಟ್ಟುಕೊಳ್ಳಿ. ಕಾರ್ಮಿಕರಿಗೆ ಯಾವುದು ಅನುಕೂಲವೋ ಅದನ್ನೇ ಹಿಡಿಯಬೇಕು ಎಂದು ಹೊಸ ಸಂಹಿತೆಯೇ ಹೇಳುತ್ತದೆ. ದಿನಕ್ಕೆ 9 ಗಂಟೆಯ ಮಿತಿ ಇರುವ ಕಡೆ 6 ದಿನ 9 ಗಂಟೆ ದುಡಿದರೆ ದಿನದ ಲೆಕ್ಕದಲ್ಲಿ ಏನೂ ಇಲ್ಲ, ವಾರದ ಲೆಕ್ಕದಲ್ಲಿ 6 ಗಂಟೆ. ಅದೇ 4 ದಿನ 11 ಗಂಟೆ ದುಡಿದು ಉಳಿದ ದಿನ ರಜೆ ಹಾಕಿದರೆ ವಾರದ್ದು 44 ಗಂಟೆ ಅಷ್ಟೇ, ಆದರೆ ದಿನದ ಲೆಕ್ಕದಲ್ಲಿ 8 ಗಂಟೆ ಓಟಿ.

ನಾಲ್ಕನೇ ಹೆಜ್ಜೆ: ಒಂದು ಗಂಟೆಯ ಬೆಲೆ

ದುಡ್ಡು ಸೋರುವುದು ಇಲ್ಲೇ. ನಿಧಾನವಾಗಿ ಓದಿ.

ಮೂಲ ವೇತನ 11,700, ತುಟ್ಟಿಭತ್ಯೆ 2,600 ಅಂತ ಇಟ್ಟುಕೊಳ್ಳಿ. ಎರಡೂ ಸೇರಿ 14,300. ಇದನ್ನು 26ರಿಂದ ಭಾಗಿಸಿದರೆ 550. ಅದನ್ನು 8ರಿಂದ ಭಾಗಿಸಿದರೆ 68 ರೂಪಾಯಿ 75 ಪೈಸೆ. ಎರಡು ಪಟ್ಟು ಅಂದರೆ ಗಂಟೆಗೆ 137 ರೂಪಾಯಿ 50 ಪೈಸೆ. ತಿಂಗಳಿಗೆ 22 ಗಂಟೆ ಓಟಿ ಮಾಡಿದ್ದರೆ 3,025 ರೂಪಾಯಿ.

ಈಗ ಮೊನ್ನೆ ನನ್ನ ಕೈಗೆ ಬಂದ ಚೀಟಿಯ ಲೆಕ್ಕವನ್ನು ಇದೇ ಸಂಬಳಕ್ಕೆ ಹಾಕೋಣ. ತುಟ್ಟಿಭತ್ಯೆ ಬಿಟ್ಟು 11,700 ಮಾತ್ರ ಹಿಡಿದಿದ್ದರು. 26ರ ಬದಲು 30ರಿಂದ, 8ರ ಬದಲು 9ರಿಂದ ಭಾಗಿಸಿದ್ದರು. ಆಮೇಲೆ ಎರಡರಿಂದ ಗುಣಿಸಿ 'ಡಬಲ್' ಎಂದು ಬರೆದಿದ್ದರು. ಹೀಗೆ ಹಾಕಿದರೆ 22 ಗಂಟೆಗೆ ಸಿಗುವುದು 1,907 ರೂಪಾಯಿ. ಒಂದೇ ತಿಂಗಳಲ್ಲಿ 1,118 ರೂಪಾಯಿ ಕಡಿಮೆ! ಡಬಲ್ ಎಂಬ ಪದ ಕಂಡ ಕೂಡಲೇ ಅವಳು ಸರಿ ಅಂದುಕೊಂಡು ಸುಮ್ಮನಾಗಿದ್ದಳು.

26 ಏಕೆ? ವಾರದ ರಜೆ ಬಿಟ್ಟರೆ ತಿಂಗಳಿಗೆ ಕೆಲಸದ ದಿನ ಅಷ್ಟೇ. ಸರ್ಕಾರದ ಕನಿಷ್ಠ ವೇತನದ ಪಟ್ಟಿಯಲ್ಲೂ ದಿನದ ಕೂಲಿಯನ್ನು 26ರಿಂದ ಗುಣಿಸಿಯೇ ತಿಂಗಳ ಸಂಬಳ ಬರೆಯುತ್ತಾರೆ. 8 ಏಕೆ? 48 ಗಂಟೆಯನ್ನು 6 ದಿನಕ್ಕೆ ಹಂಚಿದರೆ 8, ಅಲ್ವಾ? ಈ ಎರಡು ಸಂಖ್ಯೆಯನ್ನು ಯಾರು ಏನೇ ಹೇಳಿದರೂ ಬಿಡಬೇಡಿ. ತುಟ್ಟಿಭತ್ಯೆ ನಮ್ಮಲ್ಲಿ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಏಪ್ರಿಲ್ ತಿಂಗಳ ಚೀಟಿಯನ್ನು ಎರಡು ಸಲ ನೋಡಿ, ಓಟಿಗೆ ಹಳೆಯ ದರವೇ ಉಳಿದುಬಿಟ್ಟಿರುತ್ತದೆ.

ಮನೆ ಬಾಡಿಗೆ, ಓಡಾಟದ ಭತ್ಯೆ ಎಂದು ಸಂಬಳವನ್ನು ಒಡೆದು, ಮೂಲ ವೇತನ ಚಿಕ್ಕದು ಮಾಡುವ ರೂಢಿಯೂ ಇದೆ. ಹೊಸ ಸಂಹಿತೆಯ ಪ್ರಕಾರ ಇಂಥ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟೂ ವೇತನಕ್ಕೇ ಸೇರುತ್ತದೆ. ಒಟ್ಟು 24,000ದಲ್ಲಿ ಭತ್ಯೆಗಳೇ 15,000 ಇದ್ದರೆ 3,000 ವಾಪಸ್ ಬರುತ್ತದೆ. ಓಟಿ ಲೆಕ್ಕಕ್ಕೆ 9,000 ಅಲ್ಲ, 12,000 ಹಿಡಿಯಬೇಕು.

ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ಒಂದು ಮಾತು. ದಿನಗೂಲಿಗೆ 26ರ ಗೊಡವೆ ಇಲ್ಲ, ದಿನದ ಕೂಲಿಯನ್ನು 8ರಿಂದ ಭಾಗಿಸಿ. 'ತೋಟ ಅಂದರೆ ಕೃಷಿ ತಾನೆ, ಒಂದೂವರೆ ಪಟ್ಟು ಸಾಕು' ಎಂದು ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದರೆ ಒಪ್ಪಬೇಡಿ. ಒಂದೂವರೆ ಬಂದದ್ದು ಕೃಷಿ ಕೂಲಿಯ ಹಳೆಯ ಕನಿಷ್ಠ ವೇತನ ನಿಯಮದಿಂದ. 5 ಹೆಕ್ಟೇರ್ ಮೇಲ್ಪಟ್ಟು, 15 ಜನ ದುಡಿಯುವ ಕಾಫಿ ತೋಟಕ್ಕೆ 1951ರ ಪ್ಲಾಂಟೇಶನ್ ಕಾಯ್ದೆ ಇದ್ದಾಗಲೂ ಎರಡು ಪಟ್ಟೇ ಇತ್ತು. ಕುಯ್ಲಿನ ದಿನಗಳಲ್ಲಿ ಜಾಸ್ತಿ ಕುಯ್ದ ಕೆಜಿಗೆ ಕೊಡುವ ದುಡ್ಡು ಬೇರೆ, ರಾತ್ರಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಹತ್ತಿರ ನಿಂತ ಗಂಟೆ ಬೇರೆ. ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಲು ಬಿಡಬೇಡಿ.

ಐದನೇ ಹೆಜ್ಜೆ: ಗುಣಿಸಿ

ಗಂಟೆಯ ಬೆಲೆ, ಓಟಿ ಗಂಟೆ, ಎರಡು. ಅಷ್ಟೇ. ಕೊರೋನಾ ಹೊತ್ತಿನಲ್ಲಿ ಗುಜರಾತ್ ಸರ್ಕಾರ ದಿನಕ್ಕೆ 12 ಗಂಟೆ ದುಡಿಸಿ ಮಾಮೂಲಿ ದರವೇ ಸಾಕು ಎಂದಿತ್ತು. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಓಟಿ ಕೊಡಿ ಎಂದಿತು.

ಆರನೇ ಹೆಜ್ಜೆ: ಕೇಳುವುದು

ಮೊದಲು ಬರಹದಲ್ಲಿ ಕೇಳಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ನೋಟ್‌ಬುಕ್, ಚೀಟಿ, ಬ್ಯಾಂಕ್ ಪಾಸ್‌ಬುಕ್ ಹಿಡಿದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ವೇತನ ಸಂಹಿತೆಯಲ್ಲಿ ಬಾಕಿ ಕೇಳಲು 3 ವರ್ಷ ಅವಕಾಶವಿದೆ. 'ಸೂಪರ್‌ವೈಸರ್ ಮಾಡುತ್ತೇವೆ' ಎಂದು ಕಾಗದ ಕೊಟ್ಟರೆ ಸಹಿಗೆ ಮೊದಲು ಸಂಬಳ ನೋಡಿ. ಮೇಲ್ವಿಚಾರಣೆಯ ಕೆಲಸದಲ್ಲಿ ತಿಂಗಳಿಗೆ 18,000 ದಾಟಿದವರನ್ನು ಹೊಸ ಸಂಹಿತೆ ಕಾರ್ಮಿಕರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಸ ಹುದ್ದೆಯ ಹೆಚ್ಚುವರಿ ಸಂಬಳ ಎಷ್ಟು, ಕೈಬಿಟ್ಟು ಹೋಗುವ ಓಟಿ ಎಷ್ಟು ಎಂದು ಅದೇ ನೋಟ್‌ಬುಕ್‌ನಲ್ಲಿ ಅಕ್ಕಪಕ್ಕ ಬರೆದು ನೋಡಿ, ಆಮೇಲೆ ಸಹಿ ಹಾಕಿ.