ಯಾದಗಿರಿಯ ಕಾರ್ಡು, ಪುಣೆಯ ರೇಶನ್

ಕರ್ನಾಟಕದ ಬಿಪಿಎಲ್ ಕಾರ್ಡಿಗೆ ಪುಣೆಯ ರೇಶನ್ ಅಂಗಡಿಯಲ್ಲೂ ಧಾನ್ಯ ಸಿಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿಗೆ ದುಡಿಯಲು ಬಂದಿರುವ ನಮ್ಮ ಜನರಲ್ಲಿ ಬಹಳ ಮಂದಿಗೆ ಇದು ಗೊತ್ತೇ ಇಲ್ಲ. ಗೊತ್ತಿದ್ದವರೂ ಒಂದು ಸಲ ಹೋಗಿ, "ಹೇ ಕಾರ್ಡ್ ಇಥೆ ಚಾಲತ ನಾಹೀ" (ಈ ಕಾರ್ಡು ಇಲ್ಲಿ ನಡೆಯುವುದಿಲ್ಲ) ಅನ್ನಿಸಿಕೊಂಡು ಸುಮ್ಮನಾಗಿದ್ದಾರೆ. ಕಿರಾಣಿ ಅಂಗಡಿಯಲ್ಲಿ ದುಡ್ಡು ಕೊಟ್ಟು ಅಕ್ಕಿ ತರುತ್ತಾರೆ.

ನಾನು ವಾರವೆಲ್ಲ ಲೆಕ್ಕಪತ್ರದ ಕೆಲಸ ಮಾಡುವವಳು. ಭಾನುವಾರ ಬೆಳಿಗ್ಗೆ ಪುಣೆಯ ವಾರ್ಜೆ ಕಡೆಯ ಮಜೂರ್ ಅಡ್ಡಾದ, ಅಂದರೆ ಕೂಲಿಗಾಗಿ ಜನ ಬಂದು ನಿಲ್ಲುವ ಜಾಗದ ಪಕ್ಕ ಕೆಲವರು ಕನ್ನಡದವರು ಸೇರಿ ಕೂರುತ್ತೇವೆ. ಅಲ್ಲಿಗೆ ಬರುವವರಲ್ಲಿ ಕಲಬುರ್ಗಿ, ಯಾದಗಿರಿ ಕಡೆಯವರೇ ಜಾಸ್ತಿ. ಕಾರ್ಡು, ಆಧಾರ್, ಫೋನು ಮೂರನ್ನೂ ತನ್ನಿ ಅನ್ನುತ್ತೇವೆ. ಅಲ್ಲಿಂದ ಕೆಲಸ ಶುರು.

ಯಾವ ರಾಜ್ಯದ ಕಾರ್ಡಿಗೂ ಎಲ್ಲಿ ಬೇಕಾದರೂ ಧಾನ್ಯ ಕೊಡುವ "ಒಂದು ದೇಶ, ಒಂದು ರೇಶನ್ ಕಾರ್ಡ್" ಯೋಜನೆ 2019ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಯಿತು. ಲಾಕ್‌ಡೌನ್‌ನಲ್ಲಿ ವಲಸೆ ಕಾರ್ಮಿಕರ ಪಾಡು ಕಂಡ ಸುಪ್ರೀಂ ಕೋರ್ಟು, 2021ರ ಜೂನ್‌ನಲ್ಲಿ ಎಲ್ಲ ರಾಜ್ಯಗಳೂ ಇದನ್ನು ಜಾರಿ ಮಾಡಬೇಕೆಂದು ಹೇಳಿತು. 2022ರ ಹೊತ್ತಿಗೆ ದೇಶವೆಲ್ಲ ಆಯಿತು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಬಿಪಿಎಲ್ ಕುಟುಂಬಕ್ಕೆ ತಲೆಗೆ ತಿಂಗಳಿಗೆ 5 ಕೆಜಿ. 2023ರ ಜನವರಿಯಿಂದ ಅದು ಉಚಿತ. ಕರ್ನಾಟಕ ಸರ್ಕಾರ ತನ್ನ ಕಡೆಯಿಂದ ಕೊಡುವ ಹೆಚ್ಚುವರಿ ಪಾಲು ಮಾತ್ರ ಇಲ್ಲಿ ಸಿಗುವುದಿಲ್ಲ.

ಕಾನೂನು ಇಷ್ಟು ಸರಳ. ತೊಡಕು ಇರುವುದು ಅಂಗಡಿಯ ಕಟ್ಟೆಯ ಮೇಲಿನ, ಬೆರಳಚ್ಚು ಓದುವ ಆ ಪುಟ್ಟ ಮಷೀನಿನಲ್ಲಿ.

ಯಾದಗಿರಿ ಕಡೆಯ ಒಬ್ಬ ಅಜ್ಜಿ ಇದ್ದಾರೆ, ಸೈಟಿನಲ್ಲಿ ಇಟ್ಟಿಗೆ ಹೊರುತ್ತಾರೆ. ಅವರ ಜೊತೆ ನಾನೇ ಅಂಗಡಿಗೆ ಹೋದೆ. ಹೆಬ್ಬೆರಳು ಇಟ್ಟರು, ಆಗಲಿಲ್ಲ. ತೋರುಬೆರಳು, ಅದೂ ಇಲ್ಲ. ಹತ್ತೂ ಬೆರಳು ಮುಗಿಯಿತು. ಪರದೆಯ ಮೇಲೆ ಪ್ರತಿ ಸಲವೂ 300 ಎಂಬ ಅಂಕಿ. ಅಂದರೆ ಬೆರಳಚ್ಚು ಆಧಾರ್‌ನಲ್ಲಿರುವುದಕ್ಕೆ ಹೊಂದಲಿಲ್ಲ ಎಂದರ್ಥ. ಅವರ ಬೆರಳ ತುದಿ ಮುಟ್ಟಿ ನೋಡಿದೆ. ಸಿಮೆಂಟು ಗೆರೆಗಳನ್ನು ತಿಂದು ಹಾಕಿ ಚರ್ಮ ನುಣ್ಣಗಾಗಿದೆ. ಕಣ್ಣಿನಲ್ಲಿ ಪೊರೆ, ಹಾಗಾಗಿ ಕಣ್ಣಿನ ಸ್ಕ್ಯಾನೂ ಹಿಡಿಯಲಿಲ್ಲ. ಉಳಿದದ್ದು ಒಟಿಪಿ, ಅಂದರೆ ಆಧಾರ್‌ಗೆ ಸೇರಿಸಿದ ಫೋನ್ ನಂಬರಿಗೆ ಬರುವ ಗುಟ್ಟಿನ ಅಂಕಿ.

"ನಂಬರ್ ಯಾರದೈತಿ ಯವ್ವಾ?" ಎಂದೆ.

"ಮೇಸ್ತ್ರಿದು ಕೊಟ್ಟಿದ್ದೆ ಅಕ್ಕಾರ. ಅಂವ ಈಗ ಸೊಲ್ಲಾಪುರದಾಗ ಅದಾನ."

ಈ ಮಾತನ್ನು ನಾನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಆಧಾರ್ ಮಾಡಿಸಿದಾಗ ಕೈಯಲ್ಲಿ ಫೋನ್ ಇರಲಿಲ್ಲ, ಮೇಸ್ತ್ರಿಯದೋ ಸೈಬರ್ ಅಂಗಡಿಯವನದೋ ನಂಬರ್ ಬರೆಸಿದರು. ಇವತ್ತು ಅವರ ರೇಶನ್ನಿನ ಕೀಲಿ ಇನ್ನೊಬ್ಬರ ಜೇಬಿನಲ್ಲಿದೆ. ನನ್ನನ್ನು ಕೇಳಿದರೆ, ಮಷೀನ್ ಬೆರಳು ಓದದೇ ಇರುವುದಕ್ಕಿಂತ ಇದು ದೊಡ್ಡ ಅನ್ಯಾಯ. ಹಾಗಾಗಿ ನಾವು ಮೊದಲು ಮಾಡಿಸುವ ಕೆಲಸ ಒಂದೇ: ಆಧಾರ್‌ಗೆ ಅವರ ಸ್ವಂತ ನಂಬರ್ ಸೇರಿಸುವುದು. ಆಧಾರ್ ಕೇಂದ್ರದಲ್ಲಿ ಇದಕ್ಕೆ 2025ರ ಅಕ್ಟೋಬರ್‌ನಿಂದ 75 ರೂಪಾಯಿ ಶುಲ್ಕ. ಕೂಲಿ ತಪ್ಪುತ್ತದೆ, ಅದು ನಿಜ. ಸ್ಮಾರ್ಟ್‌ಫೋನ್ ಬೇಕಿಲ್ಲ, ಕೀಪ್ಯಾಡ್ ಫೋನಿಗೂ ಒಟಿಪಿ ಬರುತ್ತದೆ. "ನಿಮ್ಮ ನಂಬರ್ ಹಾಕ್ರಿ ಅಕ್ಕಾರ" ಎಂದು ಹಲವರು ಕೇಳುತ್ತಾರೆ. ನಾವು ಯಾರೂ ಹಾಕಿಸುವುದಿಲ್ಲ. ಮೇಸ್ತ್ರಿಯ ಜಾಗದಲ್ಲಿ ನಾವು ಕೂತ ಹಾಗಾಗುತ್ತದೆ ಅಲ್ವಾ?

ಅಜ್ಜಿಗೆ ಅಕ್ಷರ ಬರುವುದಿಲ್ಲ, ಆದರೆ ನೋಟು ಎಣಿಸಿ ಎಣಿಸಿ ಅಂಕಿ ಬರುತ್ತದೆ. ಮೆಸೇಜಿನಲ್ಲಿ ಒಟ್ಟಿಗೆ ಇರುವ ಆರು ಅಂಕಿ ಹುಡುಕುವುದನ್ನು ಹೇಳಿಕೊಟ್ಟೆ. ಅಂಗಡಿಯವರ ಎದುರು, ಮಷೀನ್ ಮುಂದೆ ನಿಂತಾಗ ಮಾತ್ರ ಓದಿ ಹೇಳಬೇಕು, ಫೋನಿನಲ್ಲಿ ಯಾರೇ ಕೇಳಿದರೂ ಹೇಳಬಾರದು ಎಂದೂ ಹೇಳಿದೆ. ಮುಂದಿನ ತಿಂಗಳು ಅವರೇ ಒಂದೊಂದೇ ಅಂಕಿ ಓದಿದರು. ಮಷೀನಿನಿಂದ ರಸೀದಿ ಬಂತು.

ಬೆರಳು ಸ್ವಲ್ಪವಾದರೂ ಹಿಡಿಯುವವರಿಗೆ ಬೇರೆ ಉಪಾಯ. ಕೆಲಸದಿಂದ ನೇರ ಅಂಗಡಿಗೆ ಹೋಗಬೇಡಿ. ಬಿಸಿನೀರಿನಲ್ಲಿ ಕೈ ತೊಳೆದು, ಚೆನ್ನಾಗಿ ಒರೆಸಿ ಹೋಗಿ. ಯಾವ ಬೆರಳು ಹಿಡಿಯಿತೋ ಅದನ್ನು ನೆನಪಿಟ್ಟುಕೊಳ್ಳಿ.

ಇನ್ನು ಅಂಗಡಿಯವರು. "ಸ್ಟಾಕ್ ಇಲ್ಲ" ಅನ್ನುವುದೇ ಹೆಚ್ಚು. ಅವರ ಮಾತಿನಲ್ಲೂ ಅರ್ಥವಿದೆ, ಹೊರಗಿನ ಕಾರ್ಡಿಗೆ ಕೊಟ್ಟು ತಿಂಗಳ ಕೊನೆಗೆ ತಮ್ಮ ಕಾರ್ಡಿನವರಿಗೆ ಕಡಿಮೆ ಬಿದ್ದರೆ ಎಂಬ ಭಯ. ಅದಕ್ಕೆ ತಿಂಗಳ ಮೊದಲಲ್ಲೇ ಹೋಗಿ, ಇಷ್ಟು ಕಾರ್ಡು ಬರುತ್ತವೆ ಎಂದು ತಿಳಿಸಿ ಬರುತ್ತೇವೆ. ಅರ್ಧ ಗಲಾಟೆ ಅಲ್ಲೇ ತಪ್ಪುತ್ತದೆ.

ಅದಕ್ಕೂ ಬಗ್ಗದಿದ್ದರೆ ಕಾಗದ. ಬಾಯಿಮಾತಿನ "ನಾಹೀ"ಗೆ ಎಲ್ಲೂ ಗುರುತು ಉಳಿಯುವುದಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಮನುಷ್ಯ ಅಂಗಡಿಗೆ ಬಂದೇ ಇಲ್ಲ! ಇದು ನನ್ನನ್ನು ಬಹಳ ಕಾಡುತ್ತದೆ. ಆದ್ದರಿಂದ ಅರ್ಧ ಪುಟದ ಮರಾಠಿ ಅರ್ಜಿ ಬರೆಯುತ್ತೇವೆ: ತಾರೀಕು, ಅಂಗಡಿ ನಂಬರ್, ಕಾರ್ಡ್ ನಂಬರ್, ಅಂಗಡಿಯವರು ಏನಂದರು, ಪರದೆಯಲ್ಲಿ ಯಾವ ಅಂಕಿ ಬಂತು. ಎರಡು ಪ್ರತಿ. ಒಂದನ್ನು ರೇಶನ್ ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಸಿಕ್ಕಾ (ಮೊಹರು) ಹಾಕಿಸಿಕೊಳ್ಳುತ್ತೇವೆ. ಜಿಲ್ಲೆಗೊಬ್ಬ ದೂರು ಅಧಿಕಾರಿ ಇರಬೇಕೆಂದು ಆಹಾರ ಭದ್ರತಾ ಕಾಯ್ದೆಯ 15ನೇ ಸೆಕ್ಷನ್ ಹೇಳುತ್ತದೆ. ಧಾನ್ಯ ಕೊಡದಿದ್ದರೆ ಭತ್ಯೆ ಕೊಡಬೇಕೆಂದು 8ನೇ ಸೆಕ್ಷನ್. ಅರ್ಜಿಯಲ್ಲಿ ಎರಡನ್ನೂ ಬರೆಯುತ್ತೇವೆ. ಬೆರಳು ಹೊಂದದ ಕಾರಣಕ್ಕೆ ಅರ್ಹರಿಗೆ ಸವಲತ್ತು ತಪ್ಪಬಾರದು ಎಂಬ ಮಾತು ಸುಪ್ರೀಂ ಕೋರ್ಟಿನ 2018ರ ಆಧಾರ್ ತೀರ್ಪಿನಲ್ಲಿದೆ. ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಣ್ಣು ಕಾಣದವರು, ಆಸಿಡ್ ದಾಳಿಗೆ ಸಿಕ್ಕವರು ಇ-ಕೆವೈಸಿಗಾಗಿ (ಡಿಜಿಟಲ್ ಗುರುತು ಪರಿಶೀಲನೆಗಾಗಿ) ಪಡುವ ಕಷ್ಟದ ಮೇಲೆ ಬಂದ ತೀರ್ಪು ಅದು. ಪೊರೆ ಬಂದ ಅಜ್ಜಿಯ ಪಾಡು ಅದಕ್ಕಿಂತ ತುಂಬ ಬೇರೆಯಲ್ಲ ಎಂದು ನನಗೆ ಅನ್ನಿಸುತ್ತದೆ.

ಸಿಕ್ಕಾ ಬಿದ್ದ ಮೇಲೆ "ಚಾಲತ ನಾಹೀ" ಅಂದಿದ್ದ ಅಂಗಡಿಯವರೇ ಕಾರ್ಡು ಕೇಳಿ ತೆಗೆದುಕೊಂಡಿದ್ದುಂಟು. ಫೋನ್ ಮಾಡುವವರಿಗೆ 14445 ಮತ್ತು 1967 ಸಹಾಯವಾಣಿಗಳಿವೆ.

ಅಂಗಡಿಗೆ ಹೋಗುವ ಮುಂಚೆ ಊರಿಗೊಂದು ಫೋನ್ ಮಾಡಿಸುವುದನ್ನು ನಾವು ಬಿಡುವುದಿಲ್ಲ. ಒಂದೇ ಕಾರ್ಡಿನಲ್ಲಿ ಊರಿನವರು ಸ್ವಲ್ಪ, ಇಲ್ಲಿಯವರು ಸ್ವಲ್ಪ ಎತ್ತಬಹುದು. ಆದರೆ ಊರಲ್ಲಿ ಅತ್ತೆ ಮೊದಲೇ ಎಲ್ಲರ ಪಾಲನ್ನೂ ಎತ್ತಿದ್ದರೆ ಇಲ್ಲಿ ಏನೂ ಉಳಿದಿರುವುದಿಲ್ಲ. "ಮೇರಾ ರೇಶನ್" ಆ್ಯಪ್‌ನಲ್ಲಿ ಇದು ಕಾಣುತ್ತದೆ. ಯಾರ ಪಾಲು ಎಲ್ಲಿ ಎತ್ತಬೇಕು ಎಂಬುದು ಆ ಮನೆಯವರದೇ ತೀರ್ಮಾನ. ನಾವು ಬಾಯಿ ಹಾಕುವುದಿಲ್ಲ.

ನಮಗೆ ಇನ್ನೂ ಕೈಗೆ ಹತ್ತದಿರುವುದು ಕಾರ್ಡೇ ಇಲ್ಲದವರ ಪ್ರಶ್ನೆ. ಪ್ರತಿ ರಾಜ್ಯದಲ್ಲಿ ಎಷ್ಟು ಜನಕ್ಕೆ ಈ ಧಾನ್ಯ ಎಂಬ ಮಿತಿ ಈಗಲೂ 2011ರ ಜನಗಣತಿಯ ಮೇಲೆಯೇ ನಿಂತಿದೆ. ಆಮೇಲೆ ಹುಟ್ಟಿದ ಮಕ್ಕಳು, ಬೇರೆಯಾದ ಮನೆಗಳು ಎಷ್ಟೋ. ಅಸಂಘಟಿತ ಕಾರ್ಮಿಕರ ಹೆಸರು ನೋಂದಾಯಿಸುವ ಕೇಂದ್ರ ಸರ್ಕಾರದ ಇ-ಶ್ರಮ್‌ನಲ್ಲಿ ಹೆಸರಿದ್ದೂ ಕಾರ್ಡಿಲ್ಲದವರಿಗೆ ಆ ಮಿತಿ ನೋಡದೆ ಕಾರ್ಡು ಕೊಡಿ ಎಂದು ಸುಪ್ರೀಂ ಕೋರ್ಟು 2024ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಹೇಳಿದೆ. ಹಾಗಾಗಿ ಈಗ ಅಡ್ಡಾದಲ್ಲಿ ಮೊದಲು ಇ-ಶ್ರಮ್ ನೋಂದಣಿ ಮಾಡಿಸಿ, ಅದರ ಪ್ರತಿ ಸೇರಿಸಿ ಊರಿನ ತಾಲ್ಲೂಕು ಕಚೇರಿಗೆ ಕನ್ನಡದಲ್ಲಿ ಅರ್ಜಿ ಕಳಿಸುತ್ತಿದ್ದೇವೆ. ಅಂಚೆಯ ರಸೀದಿಗಳನ್ನು ಒಂದು ಫೈಲಿನಲ್ಲಿ ಜೋಡಿಸಿ ಇಟ್ಟಿದ್ದೇವೆ. ಉತ್ತರ ಬಾರದವುಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು ಮುಂದಿನ ಕೆಲಸ.