ಕೆರೆಯ ದೋಣಿಗೆ ಎಷ್ಟು ಎಚ್‌ಪಿಯ ಎಂಜಿನ್ ಬೇಕು?

ಕೊಳವೆಬಾವಿಗೆ ಮೋಟಾರ್ ಇಳಿಸುವಾಗ ಲೆಕ್ಕಕ್ಕಿಂತ ಒಂದೆರಡು ಎಚ್‌ಪಿ ಹೆಚ್ಚಿಗೇ ಇರಲಿ ಎನ್ನುವುದು ನಮ್ಮ ತುಮಕೂರು ಸೀಮೆಯ ರೂಢಿ. ಅದೇ ರೂಢಿಯನ್ನು ದೋಣಿಗೂ ತಂದವರನ್ನು ನಾನು ಹಲವು ಬಾರಿ ಕಂಡಿದ್ದೇನೆ. ಎರಡು ವರ್ಷಗಳ ಹಿಂದೆ ಕುಣಿಗಲ್ ತಾಲ್ಲೂಕಿನ ಕೆರೆಯೊಂದರಲ್ಲಿ, 12 ಅಡಿಯ ಅಲ್ಯೂಮಿನಿಯಂ ದೋಣಿಗೆ 25 ಎಚ್‌ಪಿಯ ಹಳೆಯ ಔಟ್‌ಬೋರ್ಡ್ ಎಂಜಿನ್ (ಹಿಂಬದಿ ಹಲಗೆಗೆ ಹೊರಗಿನಿಂದ ಬಿಗಿಯುವಂಥದ್ದು) ಕಟ್ಟಿಕೊಂಡಿದ್ದವರು ವೇಗದಲ್ಲಿದ್ದಾಗಲೇ ಥ್ರಾಟಲನ್ನು ಒಮ್ಮೆಲೇ ಇಳಿಸಿದರು. ದೋಣಿಯೇ ಎಬ್ಬಿಸಿದ್ದ ಅಲೆ ಹಿಂದಿನಿಂದ ಬಂದು, ಎಂಜಿನ್ನಿನ ಭಾರಕ್ಕೆ ಮೊದಲೇ ತಗ್ಗಿದ್ದ ಹಿಂಬದಿ ಹಲಗೆಯ ಮೇಲಿನಿಂದ ಒಳಕ್ಕೆ ಸುರಿಯಿತು. ಲೈಫ್ ಜಾಕೆಟ್ ತೊಟ್ಟಿದ್ದರಿಂದ ಮೂವರೂ ದಡ ಸೇರಿದರು.

ಮೊದಲಿಗೆ ಕೆರೆ ಯಾರ ಸುಪರ್ದಿಯಲ್ಲಿದೆಯೋ ಅವರಿಂದ ಲಿಖಿತ ಅನುಮತಿ ಪಡೆಯಿರಿ. ಎಂಜಿನ್ ಇರುವ ದೋಣಿಗೆ 2021ರ ಒಳನಾಡು ನೌಕೆಗಳ ಕಾಯ್ದೆಯೊಂದಿರುವುದರಿಂದ ನೋಂದಣಿಯ ವಿಚಾರವನ್ನೂ ಆಗಲೇ ಕೇಳಿಕೊಳ್ಳಿ.

ಎರಡನೆಯದಾಗಿ ದೋಣಿ ಹೊರಬಲ್ಲ ಗರಿಷ್ಠ ಎಚ್‌ಪಿ ಎಷ್ಟೆಂದು ನೋಡಬೇಕು. ತಯಾರಕರು ಅಂಟಿಸಿದ ಫಲಕದಲ್ಲಿ ಅದು ಬರೆದಿದ್ದರೆ ಅದೇ ಕೊನೆಯ ಮಾತು. ಫಲಕವಿಲ್ಲದ ದೋಣಿಗೆ ಅಮೆರಿಕದ ಕೋಸ್ಟ್ ಗಾರ್ಡ್ ನಿಯಮದ ಲೆಕ್ಕ ಉಪಯೋಗಕ್ಕೆ ಬರುತ್ತದೆ. ದೋಣಿಯ ಉದ್ದವನ್ನೂ ಹಿಂಬದಿ ಹಲಗೆಯ ಅಗಲವನ್ನೂ ಅಡಿಗಳಲ್ಲಿ ಅಳೆದು ಗುಣಿಸಿರಿ. ಗುಣಲಬ್ಧ 35ರ ಒಳಗಿದ್ದರೆ 3, 36ರಿಂದ 39ಕ್ಕೆ 5, 40ರಿಂದ 42ಕ್ಕೆ 7.5, 43ರಿಂದ 45ಕ್ಕೆ 10, 46ರಿಂದ 52ಕ್ಕೆ 15 ಎಚ್‌ಪಿ ಮಿತಿ. ತಳ ಚಪ್ಪಟೆಯಾಗಿದ್ದು, ತಳವೂ ಪಕ್ಕವೂ ಸೇರುವ ಅಂಚು ಚೂಪಾಗಿ ಮಡಿಚಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಬೇಕು. 12 ಅಡಿ ಉದ್ದ, 4 ಅಡಿ ಅಗಲದ ದೋಣಿಗೆ 48 ಬರುತ್ತದೆ. ತಳ ಚಪ್ಪಟೆಯಾದ್ದರಿಂದ ಮಿತಿ 10 ಎಚ್‌ಪಿ.

ಜನ ಎಡವುವುದು ಮೂರನೆಯ ಹಂತದಲ್ಲಿ. ದೋಣಿ ಎರಡು ರೀತಿಯಲ್ಲಿ ಸಾಗುತ್ತದೆ. ನಿಧಾನವಾಗಿ ಹೋಗುವಾಗ ಅದು ನೀರನ್ನು ಸೀಳಿಕೊಂಡು, ತಾನೇ ಎಬ್ಬಿಸಿದ ಅಲೆಯ ನಡುವೆ ಕುಳಿತು ಸಾಗುತ್ತದೆ. 11 ಅಡಿಯಷ್ಟು ತಳ ನೀರಿನಲ್ಲಿರುವ ದೋಣಿಗೆ ಹೀಗೆ ಸಿಗುವ ವೇಗ ಗಂಟೆಗೆ ಸುಮಾರು 8 ಕಿಲೋಮೀಟರ್ ಮಾತ್ರ. ಅದನ್ನು ಮೀರಬೇಕೆಂದರೆ ದೋಣಿ ತನ್ನದೇ ಅಲೆಯನ್ನು ಹತ್ತಿ ನೀರಿನ ಮೇಲೆ ಜಾರಬೇಕು. ಅದಕ್ಕೆ ಒಟ್ಟು ತೂಕದ ಪ್ರತಿ 25 ಕಿಲೋಗೆ ಸುಮಾರು 1 ಎಚ್‌ಪಿ ಬೇಕು. ನಿಧಾನದ ಸಾಗಾಟಕ್ಕಾದರೋ ಒಂದು ಟನ್ನಿಗೆ 5 ಎಚ್‌ಪಿ ಧಾರಾಳ.

ಈಗ ತೂಕವನ್ನು ಪ್ರಾಮಾಣಿಕವಾಗಿ ಕೂಡಿಸಿರಿ. ದೋಣಿ 80 ಕಿಲೋ, ಮೂವರು 195, 9.9 ಎಚ್‌ಪಿಯ ಎಂಜಿನ್ 40, ಪೆಟ್ರೋಲು, ಲಂಗರು, ಜಾಕೆಟ್, ಗಾಳದ ಸಾಮಾನು ಸೇರಿ 25. ಒಟ್ಟು 340 ಕಿಲೋ. ಮೂವರನ್ನು ಹೊತ್ತು ಜಾರಲು 13.6 ಎಚ್‌ಪಿ ಬೇಕು. ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಕಡಲ ದಡದಲ್ಲಿ ದೋಣಿ ನಡೆಸುವವರು ಹೇಳುವ ಅಂಕಿ ಇಲ್ಲಿಗೆ ಹೊಂದುವುದಿಲ್ಲ, ಏಕೆಂದರೆ ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ, ಚಿಕ್ಕಬಳ್ಳಾಪುರ 900 ಮೀಟರನ್ನೂ ದಾಟುತ್ತದೆ. ಗಾಳಿ ತೆಳುವಾದಂತೆ ಪ್ರತಿ 300 ಮೀಟರಿಗೆ ಎಂಜಿನ್ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ 9.9 ಎಂದು ಬರೆದ ಎಂಜಿನ್ ನಮ್ಮಲ್ಲಿ ಕೊಡುವುದು 9.1 ಎಚ್‌ಪಿ ಮಾತ್ರ, ಅದೂ ಏಪ್ರಿಲ್‌ನ ಬಿಸಿಲಿನಲ್ಲಿ ಇನ್ನೂ ಕಡಿಮೆ. ಅಷ್ಟು ಶಕ್ತಿ 228 ಕಿಲೋವನ್ನಷ್ಟೇ ಜಾರಿಸಬಲ್ಲದು. ದೋಣಿ, ಎಂಜಿನ್, ಸಾಮಾನು ಕಳೆದರೆ ಉಳಿಯುವುದು ಒಬ್ಬ ಮನುಷ್ಯನ ತೂಕ.

ಅಂದರೆ ಈ ದೋಣಿಯಲ್ಲಿ ಮೂವರೂ ವೇಗವೂ ಜೊತೆಯಾಗಿ ಸಿಗಲಾರವು. ಮನೆಮಂದಿಯೊಂದಿಗೆ ಹೋಗುವವರು 25 ಕಿಲೋ ಆಸುಪಾಸಿನ 5 ಎಚ್‌ಪಿಯ ಫೋರ್-ಸ್ಟ್ರೋಕ್ ಎಂಜಿನ್ನನ್ನೇ ಕೊಳ್ಳಬೇಕು. ಮಾರ್ಕೋನಹಳ್ಳಿಯಂಥ ಜಲಾಶಯದಲ್ಲಿ ಎದುರುಗಾಳಿ ಎದ್ದರೂ ಅದು ದಡ ಮುಟ್ಟಿಸುತ್ತದೆ. ಹೆಚ್ಚಾಗಿ ಒಬ್ಬರೇ ಹೋಗುವವರಿಗೆ ಮಾತ್ರ 9.9 ಸಾರ್ಥಕ. ಹಗ್ಗ ಎಳೆದು ಚಾಲೂ ಮಾಡುವ ಎಂಜಿನ್ನೇ ಇರಲಿ, ಬ್ಯಾಟರಿಯ ಭಾರವೂ ತಪ್ಪುತ್ತದೆ.

ಅಗ್ಗಕ್ಕೆ ಸಿಗುವ ಎರಡು ಸರಕುಗಳಿಂದ ದೂರವಿರಿ. ಕಳೆ ಕತ್ತರಿಸುವ ಯಂತ್ರದ ಎಂಜಿನ್ನಿಗೆ ಪಂಕ ಸಿಕ್ಕಿಸಿ ಮಾರುವ ಕಿಟ್‌ಗಳಲ್ಲಿ ಸಾಮಾನ್ಯವಾಗಿ ರಿವರ್ಸ್ ಇರುವುದಿಲ್ಲ, ಬರೆದಷ್ಟು ಎಚ್‌ಪಿಯೂ ಸಿಗುವುದಿಲ್ಲ. ಕರಾವಳಿಯ ನಾಡದೋಣಿಗಳಿಂದ ಕಳಚಿ ತಂದ ಸೀಮೆಎಣ್ಣೆ ಎಂಜಿನ್ನುಗಳು ಹೊರಗೆ ಹೊಸ ಬಣ್ಣ ಹೊಡೆಸಿಕೊಂಡಿದ್ದರೂ, ನೀರು ಹರಿದು ತಂಪಾಗಿಸುವ ಒಳದಾರಿಗಳನ್ನು ಉಪ್ಪು ತಿಂದಿರುತ್ತದೆ.

ನಾಲ್ಕನೆಯದು ಎಂಜಿನ್ನಿನ ಕಾಲಿನ, ಅಂದರೆ ನೀರಿಗೆ ಇಳಿಯುವ ಕೆಳಭಾಗದ, ಉದ್ದ. ಹಿಂಬದಿ ಹಲಗೆಯ ನಡುಮಧ್ಯದಲ್ಲಿ, ಮೇಲಂಚಿನಿಂದ ದೋಣಿಯ ತಳದವರೆಗೆ, ಇಳಿಜಾರಿನ ಮೇಲಲ್ಲದೆ ನೇರವಾಗಿ ಕೆಳಕ್ಕೆ ಅಳೆಯಿರಿ. ಸುಮಾರು 15 ಇಂಚಿದ್ದರೆ ಗಿಡ್ಡ ಕಾಲಿನದು, 20 ಇಂಚಿದ್ದರೆ ಉದ್ದ ಕಾಲಿನದು. ಪ್ರೊಪೆಲ್ಲರಿನ ಮೇಲಿರುವ ಅಗಲ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದು ಇಂಚು ಕೆಳಗೆ ಬಂದರೆ ಸರಿ. ಗಿಡ್ಡವಾದರೆ ಪ್ರೊಪೆಲ್ಲರ್ ಗಾಳಿ ಹೀರಿ ಎಂಜಿನ್ ಅರಚುತ್ತದೆ, ದೋಣಿ ಮಾತ್ರ ಕದಲದು. ಉದ್ದವಾದರೆ ನಮ್ಮ ಕೆರೆಗಳ ಹೂಳಿಗೂ ಮುಳುಗಿದ ಜಾಲಿ ಬೊಡ್ಡೆಗಳಿಗೂ ಮೊದಲು ತಾಗುವುದು ಅದೇ.

ಕೊನೆಗೆ, ಹಣ ಪೂರ್ತಿ ಕೊಡುವ ಮೊದಲು, ಎಂದಿನಷ್ಟೇ ಜನ ಮತ್ತು ಸಾಮಾನು ಹೇರಿಕೊಂಡು ಪೂರ್ಣ ಥ್ರಾಟಲಿನಲ್ಲಿ ಓಡಿಸಿ, ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರ್ ನೋಡಿರಿ. ಕೈಪಿಡಿ ನಿಮಿಷಕ್ಕೆ 5000ದಿಂದ 6000 ಸುತ್ತು ಎಂದು ಹೇಳಿದ್ದು, ಮುಳ್ಳು 4700ರಲ್ಲೇ ನಿಂತರೆ, ದೊಡ್ಡ ಎಂಜಿನ್ ಕೇಳಬೇಡಿ. ಪಿಚ್, ಅಂದರೆ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ಅಂತರ, ಕಡಿಮೆಯಿರುವ ಪ್ರೊಪೆಲ್ಲರ್ ಹಾಕಿಸಿ. ಪಿಚ್ ಒಂದು ಇಂಚು ಇಳಿದರೆ ಸುಮಾರು 200 ಸುತ್ತು ಏರುತ್ತದೆ, ನಮ್ಮ ಎತ್ತರದಲ್ಲಿ ಈ ಬದಲಾವಣೆ ಬಹುಪಾಲು ಬೇಕಾಗುತ್ತದೆ. ಓಡಿಸುವಷ್ಟು ಹೊತ್ತೂ ಎಂಜಿನ್ನಿನ ಹಿಂದಿನಿಂದ ಚಿಮ್ಮುವ ನೀರಿನ ಎಳೆಯ ಮೇಲೆ ಕಣ್ಣಿರಲಿ. ಅದು ನಿಂತರೆ ಅಂತರಗಂಗೆಯ ಬೇರೋ ಜೊಂಡೋ ನೀರಿನ ಕಿಂಡಿಗೆ ಕಟ್ಟಿದೆ ಎಂದರ್ಥ, ಆ ಕ್ಷಣವೇ ಎಂಜಿನ್ ಆರಿಸಿ ಕಿಂಡಿಯನ್ನು ಬಿಡಿಸಿರಿ.