ಟೇಬಲ್ ಸಾ ಕೊಳ್ಳುವಾಗ ನಾನು ಮೊದಲು ನೋಡಿದ್ದು ಫೆನ್ಸ್

ದಾವಣಗೆರೆ ವಿದ್ಯಾನಗರದ ನಮ್ಮ ಮನೆ ಹಿಂದೆ ಒಂದು ಶೀಟಿನ ಶೆಡ್ ಇದೆ. ಕಾರಿಗೆಂದು ಕಟ್ಟಿಸಿದ್ದು. ಈಗ ಕಾರು ಬೀದಿಯಲ್ಲಿ, ಶೆಡ್ಡಿನ ತುಂಬ ಮರದ ಹೊಟ್ಟು. ಮೇಜಿನ ನಡುವೆ ಬ್ಲೇಡ್ ಎದ್ದು ತಿರುಗುವ, ಮರ ಕೊಯ್ಯುವ ಮೆಷಿನ್ನೇ ಟೇಬಲ್ ಸಾ. ಹಲವು ವರ್ಷ ಅಲ್ಲಿ ನನ್ನ ಟೇಬಲ್ ಸಾ ಅಂದರೆ, ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾವನ್ನೇ ಪ್ಲೈವುಡ್ ಮೇಜಿನ ಕೆಳಗೆ ತಲೆಕೆಳಗಾಗಿ ಬಿಗಿದದ್ದು. ಪುಸ್ತಕದ ಕಪಾಟು, ದೇವರ ಮಂಟಪ, ಮಕ್ಕಳ ಮೇಜು ಎಲ್ಲ ಅದರಲ್ಲೇ ಆದವು. ಆದರೆ ಸಾಗುವಾನಿಯ ದಪ್ಪ ಹಲಗೆ ಸೀಳಲು ಹೋದರೆ ಮೋಟಾರ್ ತಿಣುಕುತ್ತಿತ್ತು. ಒಂದೇ ಅಳತೆಯ ನಾಲ್ಕು ಪಟ್ಟಿ ಬೇಕೆಂದರೆ ನಾಲ್ಕೂ ನಾಲ್ಕು ಥರ.

ಹೊಸದು ತಗೊಳ್ಳೋಣ ಅಂತ ಹುಡುಕಲು ಶುರು ಮಾಡಿದಾಗ ಮೂರು ದಾರಿ ಕಂಡವು. ಒಂದು, ಬಡಗಿ ಅಂಗಡಿಗಳಲ್ಲಿ ಇರುವಂಥ ಲೋಕಲ್ ಮೆಷಿನ್. ಆಂಗಲ್ ಫ್ರೇಮ್, ಮೇಲೆ ಕಬ್ಬಿಣದ ಪ್ಲೇಟ್, ಬೆಲ್ಟ್, ಮೋಟಾರ್. ಕೆಟ್ಟರೆ ಊರಲ್ಲೇ ರಿಪೇರಿ ಆಗುತ್ತದೆ, ಬೆಲೆಯೂ ಕಡಿಮೆ. ನಾನು ನೋಡಿದವುಗಳಲ್ಲಿ ರೈವಿಂಗ್ ನೈಫ್ (ಸೀಳಿದ ಹಲಗೆ ಬ್ಲೇಡನ್ನು ಹಿಸುಕದಂತೆ ಅದರ ಹಿಂದೆ ನಿಲ್ಲುವ ತಗಡು) ಇರಲಿಲ್ಲ, ಫೆನ್ಸ್ (ಹಲಗೆಯನ್ನು ಒತ್ತಿ ತಳ್ಳುವ ನೇರ ಪಟ್ಟಿ) ಅಂತ ಇದ್ದದ್ದು ಎರಡು ಬೋಲ್ಟಿನ ಆಂಗಲ್ ತುಂಡು. ಎರಡನೆಯದು, ಸೈಟಿಗೆ ಹೊತ್ತೊಯ್ಯುವ ಪೋರ್ಟಬಲ್ ಸಾ. ಚೆನ್ನಾಗಿ ಕೊಯ್ಯುತ್ತದೆ, ಜಾಗವೂ ಕಡಿಮೆ ಸಾಕು. ಆದರೆ ಅದರ ಬ್ರಷ್ ಮೋಟಾರ್ ಕಿರಿಚುವುದು ಕೇಳಿದ್ದೀರಲ್ವಾ? ಭಾನುವಾರ ಬೆಳಿಗ್ಗೆ ಅಕ್ಕಪಕ್ಕದವರ ಮುಖ ನೋಡಬೇಕಲ್ಲ. ಮೂರನೆಯದು, ಬೀಡಿನ (ಎರಕದ ಕಬ್ಬಿಣದ) ಮೇಜು, ಅಷ್ಟು ಕಿರಿಚದ ಇಂಡಕ್ಷನ್ ಮೋಟಾರ್ ಇರುವ ಭಾರದ ಮೆಷಿನ್.

ನಡುವೆ ಅಮೆರಿಕದಿಂದ ವಾಪಸ್ ಬಂದ ಪರಿಚಯದವರೊಬ್ಬರು ತಮ್ಮ ಸಾ ಕೊಡ್ತೀನಿ ಅಂದರು. ಮೆಷಿನ್ ಚಂದವಿತ್ತು. ಆದರೆ ಅದು 120 ವೋಲ್ಟ್, 60 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಹರ್ಟ್ಸ್ ಹೋಗುವುದಿಲ್ಲ. ನಮ್ಮ 50 ಹರ್ಟ್ಸಿಗೆ ಅದರ ಇಂಡಕ್ಷನ್ ಮೋಟಾರ್ ಆರರಲ್ಲಿ ಒಂದು ಪಾಲು ನಿಧಾನ ತಿರುಗುತ್ತದೆ, ಬಿಸಿಯೂ ಜಾಸ್ತಿ. ಬೇಡ ಅಂದೆ.

ನನ್ನ ಸೋದರಮಾವ ಹರಿಹರದಲ್ಲಿ ಲೇತ್ ಕೆಲಸ ಮಾಡಿ ರಿಟೈರ್ ಆದವರು. ಮೈಸೂರು ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಊರು ಅದು, ಬೀಡು ಅಂದರೆ ಅಲ್ಲಿನವರಿಗೆ ಹೇಳಿಕೊಡಬೇಕಾಗಿಲ್ಲ. ನಾನು ಎರಡು ಎಚ್‌ಪಿನಾ ಮೂರು ಎಚ್‌ಪಿನಾ ಅಂತ ಲೆಕ್ಕ ಹಾಕುತ್ತಿದ್ದರೆ ಅವರು, "ಲೇ ಅಳಿಯಾ, ಮೋಟಾರ್ ಆಮೇಲೆ ನೋಡು. ಮೇಜು ಸಪಾಟೈತಾ, ಆ ಗೈಡು ಅಲ್ಲಾಡದಂಗ ನಿಲ್ತೈತಾ, ಅದು ನೋಡು ಮೊದ್ಲು" ಅಂದರು. ಗೈಡು ಅಂದರೆ ಫೆನ್ಸ್. ಕೂದಲೆಳೆಯಷ್ಟು ಸರಿದರೂ ಮುಳ್ಳಿನಲ್ಲಿ ತೋರಿಸುವ ತಮ್ಮ ಡಯಲ್ ಗೇಜನ್ನೂ ಅದರ ಮ್ಯಾಗ್ನೆಟ್ ಸ್ಟ್ಯಾಂಡನ್ನೂ ಕೊಟ್ಟು ಕಳಿಸಿದರು.

ಬೆಂಗಳೂರಿನ ಶೋರೂಮಿನಲ್ಲಿ ಅದನ್ನು ಹೊರಗೆ ತೆಗೆದಾಗ ಸೇಲ್ಸ್ ಹುಡುಗ ಒಂದು ಥರ ನೋಡಿದ. ಪರೀಕ್ಷೆ ಸುಲಭ. ಫೆನ್ಸನ್ನು ಬ್ಲೇಡಿನಿಂದ 30 ಸೆಂ.ಮೀ. ದೂರಕ್ಕೆ ಲಾಕ್ ಮಾಡಿ. ಅದರ ಹಿಂದಿನ ತುದಿಗೆ ಡಯಲ್ ಗೇಜ್ ಮುಟ್ಟಿಸಿ, ಮುಳ್ಳನ್ನು ಸೊನ್ನೆಗೆ ತನ್ನಿ. ಈಗ ಆ ತುದಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿ. ಮುಳ್ಳು ಸ್ವಲ್ಪ ಸರಿದೇ ಸರಿಯುತ್ತದೆ, ಅದು ದೊಡ್ಡ ವಿಷಯ ಅಲ್ಲ. ಬೆರಳು ತೆಗೆದ ಮೇಲೆ ಸೊನ್ನೆಗೆ ವಾಪಸ್ ಬರುತ್ತದಾ? ಜೋರು ಮೋಟಾರ್ ಇದ್ದ ಒಂದು ಮೆಷಿನ್ನಿನಲ್ಲಿ ಬರಲೇ ಇಲ್ಲ, ಸರಿದಲ್ಲೇ ಕೂತಿತು. ಹಲಗೆ ತಳ್ಳುವಾಗ ನಾವು ಫೆನ್ಸಿಗೆ ಒತ್ತಿಯೇ ತಳ್ಳುತ್ತೇವೆ. ಅಂಥ ಫೆನ್ಸ್ ಕೊಯ್ಯುತ್ತ ಕೊಯ್ಯುತ್ತ ಅಳತೆ ಬದಲಿಸುತ್ತದೆ. ಅದನ್ನು ಅಲ್ಲಿಗೇ ಬಿಟ್ಟೆ. ಉಳಿದ ಮೆಷಿನ್ ಎಷ್ಟು ಅದುರುತ್ತದೆ ನೋಡಲು ಅದರ ಮೇಜಿನ ಮೇಲೆ 5 ರೂಪಾಯಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ಸ್ವಿಚ್ ಹಾಕಿಸಿದೆ. ಬೀಳಲಿಲ್ಲ.

ಫೆನ್ಸ್ ಸರಿಯುವ ಹಳಿ ಎಷ್ಟು ಉದ್ದ ಬೇಕು ಅನ್ನುವುದಕ್ಕೂ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಪ್ಲೈವುಡ್ ಅಗಲ 4 ಅಡಿ. ಅದನ್ನು ನಡುವೆ ಸೀಳಲು ಫೆನ್ಸ್ ಬ್ಲೇಡಿನಿಂದ 24 ಇಂಚು ದೂರ ಹೋದರೆ ಸಾಕು. ಅದಕ್ಕಿಂತ ಉದ್ದದ್ದು ತಗೊಂಡರೆ ನಮ್ಮಂಥ ಶೆಡ್ಡಿನಲ್ಲಿ ಓಡಾಡಲು ಜಾಗ ಇರುವುದಿಲ್ಲ.

ಕೊನೆಗೆ ತಂದದ್ದು 10 ಇಂಚಿನ ಬ್ಲೇಡ್, ಬೀಡಿನ ಮೇಜು, 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರ್ ಇರುವ ಮೆಷಿನ್. ಬೆಲೆ ವಿಚಾರಿಸುವಾಗ ಜಿಎಸ್‌ಟಿ ಸೇರಿದೆಯಾ ಕೇಳಿ. 18% ಆಮೇಲೆ ಸೇರಿಸಿದರೆ ಎದೆ ಧಸಕ್ಕೆನ್ನುತ್ತದೆ.

ಮೆಷಿನ್ ಬರುವ ಮೊದಲೇ ವೈರಿಂಗ್ ಮಾಡಿಸಿದೆ. ಈ ಮೋಟಾರ್ ಓಡುವಾಗ ಸುಮಾರು 10 ಆಂಪ್ ಎಳೆಯುತ್ತದೆ, ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು. ಅದಕ್ಕೆ ಮೀಟರ್ ಬೋರ್ಡಿನಿಂದಲೇ 4 ಚದರ ಮಿ.ಮೀ. ವೈರ್ ಬೇರೆ ಎಳೆಸಿ, ಆ ಕ್ಷಣದ ಎಳೆತ ತಡೆದುಕೊಳ್ಳುವ 20 ಆಂಪಿನ ಸಿ ಟೈಪ್ ಎಂಸಿಬಿ ಹಾಕಿಸಿದೆ. ಇನ್ನೊಂದು, ನೋ-ವೋಲ್ಟ್ ಸ್ವಿಚ್. ಕೊಯ್ಯುತ್ತಿರುವಾಗ ಕರೆಂಟ್ ಹೋಗುತ್ತದೆ, ನೀವು ಒಳಗೆ ಹೋಗಿ ಟೀ ಕುಡಿಯುತ್ತೀರಿ, ಕರೆಂಟ್ ಬಂದಾಗ ಬ್ಲೇಡ್ ತಾನೇ ತಿರುಗಲು ಶುರು ಮಾಡಬಾರದು. ನಮ್ಮ ಕಡೆ ಬೇಸಿಗೆಯಲ್ಲಿ ಇದು ದಿನಾ ಆಗುವ ಮಾತು. ಈ ಸ್ವಿಚ್ ಇಲ್ಲದ ಮೆಷಿನ್ನಿಗೆ ಪ್ರತ್ಯೇಕವಾಗಿ ಹಾಕಿಸಬಹುದು.

ಜೋಡಿಸಿದ ಮೇಲೆ, ಬ್ಲೇಡ್ ನೇರ ಕೂತಿದೆಯಾ ನೋಡಲು ಮತ್ತೆ ಡಯಲ್ ಗೇಜ್ ಹಿಡಿದೆ. ಪ್ಲಗ್ ಕಿತ್ತು, ಬ್ಲೇಡಿನ ಒಂದು ಹಲ್ಲಿಗೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ, ಅದೇ ಹಲ್ಲನ್ನು ಮುಂದೆ ಒಮ್ಮೆ, ಹಿಂದಕ್ಕೆ ತಿರುಗಿಸಿ ಒಮ್ಮೆ, ಮೈಟರ್ ಗಾಡಿಯಿಂದ (ಮೇಜಿನ ಮೇಲೆ ಬ್ಲೇಡಿನ ಪಕ್ಕ ಉದ್ದಕ್ಕೆ ಇರುವ ತೋಡು) ಅಳೆದೆ. ಬೇರೆ ಬೇರೆ ಹಲ್ಲಿನಲ್ಲಿ ಅಳೆದರೆ ಬ್ಲೇಡಿನ ಸೊಟ್ಟವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ವ್ಯತ್ಯಾಸ 0.1 ಮಿ.ಮೀ. ಒಳಗಿದ್ದರೆ ಮರಗೆಲಸಕ್ಕೆ ಧಾರಾಳ. ಆಮೇಲೆ ಫೆನ್ಸ್. ಅದರ ಹಿಂದಿನ ತುದಿ ಬ್ಲೇಡಿನಿಂದ ಒಂದು ಎಳೆ ದೂರ ಇದ್ದರೂ ಪರವಾಗಿಲ್ಲ, ಬ್ಲೇಡಿನ ಕಡೆ ವಾಲಿರಬಾರದು. ವಾಲಿದ್ದರೆ ಹಲಗೆ ಸಿಕ್ಕಿಕೊಂಡು ನಮ್ಮ ಹೊಟ್ಟೆಗೇ ಎಗರುತ್ತದೆ.

ಬ್ಲೇಡ್ ಎರಡು ಇಟ್ಟುಕೊಂಡಿದ್ದೇನೆ. ಉದ್ದಕ್ಕೆ ಸೀಳಲು 24 ಹಲ್ಲಿನದು, ಲ್ಯಾಮಿನೇಟ್ ಅಂಟಿಸಿದ ಪ್ಲೈಗೆ 60 ಹಲ್ಲಿನದು. ಅಂಗಡಿಯಲ್ಲಿ ತೆಳು ಬ್ಲೇಡ್ ತೋರಿಸಿ, ಮೋಟಾರಿಗೆ ಭಾರ ಕಡಿಮೆ ಸಾರ್, ತಗೊಳ್ಳಿ ಅನ್ನುತ್ತಾರೆ. ತಗೊಳ್ಳುವ ಮೊದಲು ನಿಮ್ಮ ರೈವಿಂಗ್ ನೈಫ್ ದಪ್ಪ ನೋಡಿ. ಅದು ಬ್ಲೇಡಿನ ತಗಡಿಗಿಂತ ದಪ್ಪ, ಹಲ್ಲಿನ ಕೊಯ್ತಕ್ಕಿಂತ ತೆಳು ಇರಬೇಕು. ನನ್ನದು 2.5 ಮಿ.ಮೀ. ಹಾಗಾಗಿ 2.4 ಮಿ.ಮೀ. ಕೊಯ್ಯುವ ಬ್ಲೇಡ್ ಹಾಕಿದರೆ ಹಲಗೆ ನೈಫಿಗೇ ಹೋಗಿ ನಿಲ್ಲುತ್ತದೆ, ಮುಂದಕ್ಕೆ ಜಗ್ಗುವುದಿಲ್ಲ. 3.2 ಮಿ.ಮೀ. ಕೊಯ್ಯುವುದನ್ನೇ ತಂದೆ.